ಎಗ್ಮೋರಿನ ಮರಳು, ಬಳ್ಳಾರಿಯ ಕಡತ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದಲ್ಲಿ ಒಂದು ಶಾಲೆಯಿದೆ. ಅದರ ಹೆಸರು ಮದ್ರಾಸ್ ಕಾಲೇಜ್. ಉತ್ತರ ಸಮುದ್ರದ ಚಳಿಗಾಳಿಯಲ್ಲಿ ನಿಂತಿರುವ ಆ ಶಾಲೆಗೂ ನಮ್ಮ ಚೆನ್ನೈಗೂ ಏನು ಸಂಬಂಧ? ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲೂ ಒಂದು ಕಾಲಕ್ಕೆ 'ಮದ್ರಾಸ್ ಶಾಲೆ'ಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಲಕ್ಷಾಂತರ ಬಡಮಕ್ಕಳು ಅಕ್ಷರ ಕಲಿತದ್ದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾದ ಕ್ರಮದಲ್ಲಿ. ಮಸ್ಲಿನ್ ಬಟ್ಟೆ, ನೀಲಿ, ಮೆಣಸು ಹಡಗು ಹತ್ತಿ ಹೋದ ಕಥೆ ಎಲ್ಲರಿಗೂ ಗೊತ್ತು. ಅದೇ ಬಂದರಿನಿಂದ ಪಾಠ ಹೇಳುವ ಒಂದು ರೀತಿಯೂ ಹೊರಟುಹೋಯಿತು. ಒಂದು ಮಗು ಇನ್ನೊಂದು ಮಗುವಿನಿಂದ ಕಲಿಯುತ್ತದೆ ಎಂಬ ಸರಳ ಅರಿವು ಅದರ ಮೂಲ.

ಈ ಸಾಗಣೆಯ ನಡುವಿನ ವ್ಯಕ್ತಿ ಆಂಡ್ರ್ಯೂ ಬೆಲ್. 1753ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಬ್ಬ ಕ್ಷೌರಿಕನ ಮಗನಾಗಿ ಹುಟ್ಟಿದವನು. ಅಮೆರಿಕದ ವರ್ಜೀನಿಯಾದಲ್ಲಿ ಕೆಲವು ವರ್ಷ ಮನೆಪಾಠ ಹೇಳಿ, ಊರಿಗೆ ಮರಳಿ, ಪಾದ್ರಿಯಾಗಿ, 1787ರಲ್ಲಿ ಮದ್ರಾಸಿನಲ್ಲಿ ಇಳಿದ. ಅವನು ಹೊರಟಿದ್ದು ಕಲ್ಕತ್ತೆಗೆ, ಉಳಿದದ್ದು ಮದ್ರಾಸಿನಲ್ಲಿ. ಸೈನ್ಯದ ಹಲವು ದಳಗಳಿಗೆ ಪಾದ್ರಿಯಾಗಿ ಒಳ್ಳೆಯ ಸಂಬಳ ಪಡೆಯುತ್ತ, ಬಿಡುವಿನಲ್ಲಿ ವಿಜ್ಞಾನದ ಪ್ರಯೋಗಗಳನ್ನು ತೋರಿಸಿ ಉಪನ್ಯಾಸ ಕೊಡುತ್ತ ಇದ್ದ. 1789ರಲ್ಲಿ ಎಗ್ಮೋರಿನ ಹಳೆಯ ಕೋಟೆಯಲ್ಲಿ ಗಂಡುಮಕ್ಕಳ ಅನಾಥಾಲಯವೊಂದು ಆರಂಭವಾದಾಗ ಅದರ ಮೇಲ್ವಿಚಾರಣೆ ವಹಿಸಿಕೊಂಡ. ಅದಕ್ಕೆ ಸಂಬಳ ಬೇಡವೆಂದ. ಇಂದು ಎಗ್ಮೋರ್ ರೈಲು ನಿಲ್ದಾಣವಿರುವ ಪರಿಸರವೇ ಅದು.

ಅಲ್ಲಿ ಸೇರಿದವರು ಐರೋಪ್ಯ ಸೈನಿಕರ ಮಕ್ಕಳು. ತಾಯಂದಿರು ಹೆಚ್ಚಾಗಿ ಇಲ್ಲಿಯವರು. ಎಷ್ಟೋ ಮಕ್ಕಳಿಗೆ ತಾಯಿ ಬದುಕಿದ್ದಳು. ಆದರೂ ಅವರು ಅನಾಥರೆಂದೇ ಲೆಕ್ಕ. ತಾಯಿಯ ಕಡೆಯ ಬದುಕಿನ ಪ್ರಭಾವದಿಂದ ಮಕ್ಕಳನ್ನು ಬಿಡಿಸಿ 'ಒಳ್ಳೆಯ ಪ್ರಜೆ'ಗಳನ್ನಾಗಿ ಮಾಡುವುದು ಸಂಸ್ಥೆಯ ಘೋಷಿತ ಉದ್ದೇಶವಾಗಿತ್ತು. ಬೆಲ್ ಕೂಡ ಇದನ್ನು ನಂಬಿದ್ದವನೇ. ಆದರೆ ಆ ಮಕ್ಕಳಿಗೆ ಓದು ಬರಹ ಕಲಿಸಲು ಕೊನೆಗೆ ಒದಗಿ ಬಂದ ದಾರಿ ತಾಯಂದಿರ ಊರುಕೇರಿಯದೇ ಆಗಿತ್ತು.

ಮರಳಿನ ಪಾಠ

ನಡೆದದ್ದು ಹೀಗೆ. ಅನಾಥಾಲಯದಲ್ಲಿ ಕೆಳತರಗತಿಯ ಮಕ್ಕಳಿಗೆ ಅಕ್ಷರಮಾಲೆ ಕಲಿಸುವುದೇ ಹರಸಾಹಸವಾಗಿತ್ತು. ತಿಂಗಳುಗಟ್ಟಲೆ ಹೇಳಿಕೊಟ್ಟರೂ ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕುದುರೆಯ ಮೇಲೆ ಹೊರಟಿದ್ದ ಬೆಲ್ ಒಂದು 'ಮಲಬಾರ್ ಶಾಲೆ'ಯನ್ನು ಕಂಡ. ಆ ಕಾಲದ ಮದ್ರಾಸಿನ ಇಂಗ್ಲಿಷರು ತಮಿಳರನ್ನು ಮಲಬಾರಿನವರೆಂದೇ ಕರೆಯುತ್ತಿದ್ದರು. ಹಾಗಾಗಿ ಅದು ತಮಿಳು ಶಾಲೆ. ಚಿಕ್ಕ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಕುಳಿತಿದ್ದರು. ಬೆಲ್ ಕುದುರೆ ತಿರುಗಿಸಿಕೊಂಡು, ಸಿಕ್ಕಿತು ಸಿಕ್ಕಿತು ಎನ್ನುತ್ತ ಮನೆಗೆ ಧಾವಿಸಿದನೆಂದು ಅವನ ಜೀವನಚರಿತ್ರೆ ಹೇಳುತ್ತದೆ.

ಅನಾಥಾಲಯದ ಉಪಾಧ್ಯಾಯನಿಗೆ ಈ ಹೊಸ ಉಪಾಯ ಹಿಡಿಸಲಿಲ್ಲ. ಮರಳಿನಲ್ಲಿ ಕಲಿಸುವುದು ತನ್ನಿಂದಾಗದು ಎಂದುಬಿಟ್ಟ. ಬೆಲ್ ವಾದಕ್ಕೆ ಹೋಗಲಿಲ್ಲ. ಜಾನ್ ಫ್ರಿಸ್ಕಿನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಅಕ್ಷರ ಕಲಿಯುವ ತರಗತಿಯನ್ನು ಅವನಿಗೆ ಒಪ್ಪಿಸಿದ. ಫ್ರಿಸ್ಕಿನ್ ಒಬ್ಬ ಸಾಮಾನ್ಯ ಸೈನಿಕನ ಮಗ. ದೊಡ್ಡವರಿಗೆ ಅಸಾಧ್ಯವೆನಿಸಿದ್ದು ಅವನಿಗೆ ಸುಲಭವಾಯಿತು. ಕೆಲವೇ ದಿನಗಳ ಹಿಂದೆ ತಾನೂ ಅದೇ ಅಕ್ಷರದಲ್ಲಿ ಎಡವಿದ್ದವನಿಗೆ, ಪಕ್ಕದವನು ಎಲ್ಲಿ ಎಡವುತ್ತಾನೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಬರಬರುತ್ತ ಇಡೀ ಶಾಲೆಯೇ ಈ ಕ್ರಮಕ್ಕೆ ತಿರುಗಿತು. 1796ರ ಹೊತ್ತಿಗೆ ಸುಮಾರು ಇನ್ನೂರು ಮಕ್ಕಳ ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಅವರಿಗೆ ಸಹಾಯಕರಾಗಿದ್ದವರು ಬಹುಪಾಲು ಹದಿನಾಲ್ಕರ ಒಳಗಿನ ಹುಡುಗರೇ. ತಪ್ಪು ಮಾಡಿದವನ ಹೆಸರು ಒಂದು ಕಪ್ಪು ಪುಸ್ತಕದಲ್ಲಿ ದಾಖಲಾಗುತ್ತಿತ್ತು. ವಾರಕ್ಕೊಮ್ಮೆ ಓರಗೆಯ ಹುಡುಗರೇ ಪಂಚರಾಗಿ ಕುಳಿತು ತೀರ್ಮಾನ ಹೇಳುತ್ತಿದ್ದರು.

ಆ ಶಾಲೆಯ ಒಬ್ಬ ಹುಡುಗ ಕರ್ನಾಟಕಕ್ಕೂ ಬಂದಿದ್ದ. 1792ರ ಒಪ್ಪಂದದಂತೆ ಒತ್ತೆಯಾಳುಗಳಾಗಿ ಮದ್ರಾಸಿನಲ್ಲಿದ್ದ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು 1794ರಲ್ಲಿ ಕ್ಯಾಪ್ಟನ್ ಡವ್ಟನ್ ದೇವನಹಳ್ಳಿಗೆ ಕರೆತಂದು ತಂದೆಗೆ ಒಪ್ಪಿಸಿದ. ಆ ಪರಿವಾರದಲ್ಲಿ ವಿಲಿಯಂ ಸ್ಮಿತ್ ಎಂಬ ಹದಿಹರೆಯದ ಹುಡುಗನೂ ಇದ್ದ. ಎಗ್ಮೋರಿನಲ್ಲಿ ಕಲಿತಿದ್ದ ವಿಜ್ಞಾನದ ಪ್ರಯೋಗಗಳನ್ನು ಅವನು ಸುಲ್ತಾನನ ಎದುರಿನಲ್ಲೇ ಮಾಡಿ ತೋರಿಸಿದ. ಬೆಲ್ ಈ ಸಂಗತಿಯನ್ನು ಮುಂದೆ ತನ್ನ ಪದ್ಧತಿಯ ಹೆಗ್ಗಳಿಕೆಗೆ ಸಾಕ್ಷಿಯಾಗಿ ಹೇಳಿಕೊಂಡ.

ಫ್ರಿಸ್ಕಿನ್ ಹೆಸರು ದಾಖಲೆಯಲ್ಲಿ ಉಳಿಯಿತು, ಸ್ಮಿತ್ ಹೆಸರೂ ಉಳಿಯಿತು. ಮರಳು ಹರಡಿಕೊಂಡು ಕುಳಿತಿದ್ದ ಆ ತಮಿಳು ಮಕ್ಕಳ ಹೆಸರಾಗಲಿ, ಅವರ ವಾದ್ಯಾರರ ಹೆಸರಾಗಲಿ ಉಳಿಯಲಿಲ್ಲ.

ಜಗಲಿಯ ಶಾಲೆಗಳು

ಬೆಲ್ ಕಂಡದ್ದು ಅಪರೂಪದ ಸಂಗತಿಯೇನಲ್ಲ. ತಮಿಳಿನಲ್ಲಿ ಅದಕ್ಕೆ ತಿಣ್ಣೈ ಪಳ್ಳಿಕ್ಕೂಡಂ ಎನ್ನುತ್ತಾರೆ. ತಿಣ್ಣೈ ಎಂದರೆ ಜಗಲಿ. ಊರಿನ ಯಾರದೋ ಮನೆಯ ಜಗಲಿ, ಇಲ್ಲವೇ ಗುಡಿಯ ಕಟ್ಟೆ, ಅದೇ ಶಾಲೆ. ಮೇಷ್ಟರು ಒಬ್ಬರೇ, ಮಕ್ಕಳು ಬೇರೆ ಬೇರೆ ವಯಸ್ಸಿನವರು. ಮುಂದಿರುವ ಹುಡುಗ ಹಿಂದಿರುವವರಿಗೆ ಹೇಳಿಕೊಡಬೇಕು. ಅವನನ್ನು ತಮಿಳಿನಲ್ಲಿ ಚಟ್ಟಾಂಪಿಳ್ಳೈ ಎಂದರೆ, ಕನ್ನಡ ನಾಡಿನ ಹಳೆಯ ಮಠಗಳಲ್ಲಿ ಹಿರೇಮಣಿ ಎನ್ನುತ್ತಿದ್ದರು. ಮಗ್ಗಿ ಹೇಳಿಸುವವನು ಅವನೇ, ಗೈರುಹಾಜರಾದವನನ್ನು ಮನೆಯಿಂದ ಹಿಡಿದು ತರುವವನೂ ಅವನೇ.

ಈ ರೀತಿಯನ್ನು ಬೆಲ್‌ಗಿಂತ ಸುಮಾರು 170 ವರ್ಷ ಮೊದಲೇ ಕಂಡು ಬರೆದಿಟ್ಟ ಇನ್ನೊಬ್ಬ ವಿದೇಶಿಯಿದ್ದ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ, ಒಂದು ದೇವಸ್ಥಾನದ ಜಗಲಿಯಲ್ಲಿ, ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿರುವುದು ಕಂಡಿತು. ನೆಲದ ಮೇಲೆ ನಯವಾದ ಮರಳು ಹರಡಿಕೊಂಡು, ಒಬ್ಬನು ರಾಗವಾಗಿ ಪಾಠದ ಸಾಲು ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದ. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಮೇಷ್ಟರೇ ಇಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ದೆಲ್ಲಾ ವಾಲ್ಲೆ ಕೇಳಿದ. ನಾಲ್ವರೂ ಒಂದೇ ಸಲ ಒಂದೇ ಜಾಗದಲ್ಲಿ ಮರೆಯಲು ಸಾಧ್ಯವೇ ಇಲ್ಲ, ಆದ್ದರಿಂದಲೇ ಕೂಡಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ಕೂಡಿ ಕಲಿಯುವುದೇಕೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ಸಿಗುವುದು ಕಷ್ಟ.

ಇನ್ನೂ ವಿವರವಾದ ಚಿತ್ರ ಸಿಗುವುದು ಬಳ್ಳಾರಿಯಿಂದ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ ಇಡೀ ಪ್ರಾಂತದ ಶಾಲೆಗಳ ಲೆಕ್ಕ ಕಳಿಸುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಹಲವರು ಕೋಷ್ಟಕ ತುಂಬಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ದೀರ್ಘ ವರದಿಯನ್ನೇ ಬರೆದ. ಆಗ ಜಿಲ್ಲೆಯ ಜನಸಂಖ್ಯೆ 9,27,857. ಇಂದಿನ ಅನಂತಪುರವೂ ಅದರೊಳಗೇ ಇತ್ತು. ಶಾಲೆಗಳು 533; ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು.

ಐದು ವರ್ಷದ ಮಗುವನ್ನು ಗಣಪತಿ ಪೂಜೆ ಮಾಡಿಸಿ, ಅಕ್ಕಿಯಲ್ಲಿ ಅಕ್ಷರ ಬರೆಸಿ ಶಾಲೆಗೆ ಸೇರಿಸುತ್ತಿದ್ದರೆಂದು ಕ್ಯಾಂಬೆಲ್ ಬರೆದಿದ್ದಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ 'ಸರಸ್ವತಿ' ಎಂದು ಬರೆಯುವುದು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಮಕ್ಕಳು ಸಾಮಾನ್ಯವಾಗಿ ನಾಲ್ಕು ಗುಂಪು. ಕೆಳಗಿನ ಗುಂಪುಗಳನ್ನು ಹಿರಿಯ ಹುಡುಗರು ನೋಡಿಕೊಳ್ಳುತ್ತಾರೆ, ಮೇಲಿನವರನ್ನು ಮೇಷ್ಟರು. ಆದರೆ ಮೇಷ್ಟರ ಒಂದು ಕಣ್ಣು ಯಾವಾಗಲೂ ಇಡೀ ಶಾಲೆಯ ಮೇಲಿರುತ್ತದೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಏರಲು ವಯಸ್ಸಲ್ಲ, ಕಲಿತದ್ದು ಮುಖ್ಯ. ಮೊದಲು ಮರಳು, ಆಮೇಲೆ ಓಲೆಗರಿ ಅಥವಾ ಕಡತ. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿಹಲಗೆಯೇ ಕಡತ. ಅದರ ಮೇಲೆ ಬಳಪದಿಂದ ಬರೆದು ಒರೆಸಬಹುದು. ಇಂದು ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ಸಾಗುವ 'ಕಡತ'ಕ್ಕೆ ಹೆಸರು ಬಂದದ್ದು ಇಲ್ಲಿಂದಲೇ.

ಮುಂದಿರುವ ಹುಡುಗ ಹಿಂದಿರುವವನಿಗೆ ಕಲಿಸುತ್ತ ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಕ್ಯಾಂಬೆಲ್ ಸ್ಪಷ್ಟವಾಗಿ ಬರೆದ. ಅಷ್ಟರಲ್ಲಿ ಆ ಅನುಕರಣೆ ಸಮುದ್ರದಾಚೆ ಬೇರೆಯೇ ರೂಪ ತಾಳಿತ್ತು.

ಒಂದೇ ಕೋಣೆ, ಸಾವಿರ ಮಕ್ಕಳು

1796ರಲ್ಲಿ ಊರಿಗೆ ಮರಳಿದ ಬೆಲ್ ಮರುವರ್ಷ ಲಂಡನ್ನಿನಲ್ಲಿ ಮದ್ರಾಸಿನ ಪ್ರಯೋಗದ ಬಗ್ಗೆ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಅದೇ ಹೊತ್ತಿಗೆ ಲಂಡನ್ನಿನ ಬರೋ ರೋಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಯುವಕ ಬಡಮಕ್ಕಳ ಶಾಲೆ ತೆರೆದಿದ್ದ. ಮಕ್ಕಳು ನೂರಾರು, ಮೇಷ್ಟರಿಗೆ ಕೊಡಲು ಹಣವಿಲ್ಲ. ಅವನೂ ದೊಡ್ಡ ಹುಡುಗರ ಕೈಯಲ್ಲಿ ಚಿಕ್ಕವರಿಗೆ ಪಾಠ ಹೇಳಿಸಿದ. ಪದ್ಧತಿ ಯಾರದು ಎಂಬ ಜಗಳ ಬೇಗನೆ ಚರ್ಚಿನ ಜಗಳವಾಯಿತು. ಆಂಗ್ಲಿಕನ್ ಚರ್ಚಿನವರು ಬೆಲ್ ಕಡೆ, ಉಳಿದ ಪಂಥಗಳವರು ಲ್ಯಾಂಕಾಸ್ಟರ್ ಕಡೆ. 1811ರಲ್ಲಿ ಚರ್ಚಿನವರು ಕಟ್ಟಿದ ನ್ಯಾಷನಲ್ ಸೊಸೈಟಿ ಬೆಲ್‌ನ ಪದ್ಧತಿಯನ್ನು ಊರೂರಿಗೂ ಒಯ್ದಿತು. 1832ರಲ್ಲಿ ಬೆಲ್ ತೀರಿಕೊಂಡಾಗ ಅಂಥ ಶಾಲೆಗಳು 12 ಸಾವಿರದ ಆಸುಪಾಸಿನಲ್ಲಿದ್ದವು. ಅವನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲಾಯಿತು. ಅವನು ಬಿಟ್ಟುಹೋದ ಹಣದಲ್ಲೇ ಸೇಂಟ್ ಆಂಡ್ರ್ಯೂಸ್‌ನ ಮದ್ರಾಸ್ ಕಾಲೇಜು ಎದ್ದಿತು.

ಲ್ಯಾಂಕಾಸ್ಟರನ ಮಾದರಿ ಅಮೆರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ಹಬ್ಬಿತು. ಅದರ ಆಕರ್ಷಣೆಯೆಲ್ಲ ಅಗ್ಗದಲ್ಲಿತ್ತು. ಒಬ್ಬ ಮೇಷ್ಟರು, ಒಂದು ದೊಡ್ಡ ಹಜಾರ, ಸಾಲು ಸಾಲು ಬೆಂಚು, ಸಾವಿರ ಮಕ್ಕಳು. ಪ್ರತಿ ಸಾಲಿಗೊಬ್ಬ ಮಾನಿಟರ್. ಸನ್ನೆಗೆ ತಕ್ಕಂತೆ ಹಲಗೆ ಎತ್ತಬೇಕು, ಸನ್ನೆಗೆ ತಕ್ಕಂತೆ ಇಳಿಸಬೇಕು. ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಮೇಲಕ್ಕೆ ತೂಗುಹಾಕುವ ಶಿಕ್ಷೆಯೂ ಇತ್ತು. ಬೆಲ್ ಇಂಥ ಶಿಕ್ಷೆಗಳನ್ನು ಮೆಚ್ಚುವವನಲ್ಲ. ಆದರೆ ಬಡವರ ಮಕ್ಕಳಿಗೆ ಎಷ್ಟು ಕಲಿಸಬೇಕು ಎಂಬುದಕ್ಕೆ ಅವನೂ ಗೆರೆ ಎಳೆದಿದ್ದ: ಅವರಿಗೆಲ್ಲ ಬರಹವೂ ಲೆಕ್ಕವೂ ಬರಬೇಕೆಂದೇನಿಲ್ಲ, ಹೆಚ್ಚು ಕಲಿತರೆ ತಮ್ಮ ಪಾಲಿಗೆ ಬಂದ ದುಡಿಮೆಯ ಬಗ್ಗೆ ಅಸಮಾಧಾನ ಹುಟ್ಟೀತು ಎಂಬುದು ಅವನ ಅಭಿಪ್ರಾಯ.

ಹಾಗಾದರೆ ಮದ್ರಾಸಿನಿಂದ ಹೋದದ್ದು ಏನು, ಹೋಗದೆ ಉಳಿದದ್ದು ಏನು? ಮರಳು ಹೋಯಿತು, ಹಿರೇಮಣಿ ಹೋದ, ಗುಂಪು ಮಾಡುವ ಕ್ರಮ ಹೋಯಿತು. ಜಗಲಿ ಹೋಗಲಿಲ್ಲ. ಜಗಲಿಯಲ್ಲಿ ಕೂತ ಮಕ್ಕಳ ಎದುರಿಗೆ ಬೀದಿಯಿತ್ತು. ಮಗ್ಗಿಯಲ್ಲಿ ಬರುವ ಅಳತೆಗಳು ಸಂತೆಯಲ್ಲಿ ಧಾನ್ಯ ಅಳೆಯುವ ಅಳತೆಗಳೇ. ಮೇಷ್ಟರಿಗೆ ಅನ್ನ ಹಾಕುವವರು ಆ ಮಕ್ಕಳ ತಂದೆತಾಯಿಗಳೇ. ಮಗನಿಗೆ ಓಲೆ ಓದಲು ಬಂತೇ, ಲೆಕ್ಕ ಹಾಕಲು ಬಂತೇ ಎಂದು ಅವರು ದಿನವೂ ನೋಡಬಲ್ಲವರಾಗಿದ್ದರು. ಹತ್ತಿಪ್ಪತ್ತು ಮಕ್ಕಳ ನಡುವೆ ಹಿರೇಮಣಿಗೆ ಪ್ರತಿಯೊಬ್ಬನ ತೊದಲೂ ಗೊತ್ತಿತ್ತು. ಸಾವಿರ ಮಕ್ಕಳ ಹಜಾರದಲ್ಲಿ ಅದೇ ಹುಡುಗ ಕಾರ್ಖಾನೆಯ ಮೇಸ್ತ್ರಿಯಾದ. 1840ರ ದಶಕದ ಹೊತ್ತಿಗೆ ಇಂಗ್ಲೆಂಡ್ ಇದನ್ನು ಕೈಬಿಟ್ಟು, ಹದಿಮೂರು ವರ್ಷದ ವಿದ್ಯಾರ್ಥಿಗಳನ್ನು ಒಬ್ಬ ಮೇಷ್ಟರ ಕೈಕೆಳಗೆ ಐದು ವರ್ಷ ಇರಿಸಿ ಶಿಕ್ಷಕರನ್ನಾಗಿ ಪಳಗಿಸುವ ಕ್ರಮಕ್ಕೆ ಹೊರಳಿತು.

ಜಗಲಿಯ ಹೊರಗೆ ನಿಂತವರು

ಇಷ್ಟು ಹೇಳಿದ ಮೇಲೆ ಜಗಲಿಯ ಶಾಲೆಯನ್ನು ಸ್ವರ್ಗವೆಂದು ಬಣ್ಣಿಸುವ ಆಸೆಯಾಗುತ್ತದೆ. ಬಳ್ಳಾರಿಯ ಕೋಷ್ಟಕವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಾತ್ರ. ಸಾವಿರ ಜನಕ್ಕೆ ಸುಮಾರು ಏಳು ಮಕ್ಕಳು ಮಾತ್ರ ಶಾಲೆಯಲ್ಲಿದ್ದರು. ಅದೇ ಕೋಷ್ಟಕದ ಇನ್ನೊಂದು ಅಂಕಿ ನಮ್ಮ ಸಾಮಾನ್ಯ ತಿಳಿವಳಿಕೆಗೆ ಪೆಟ್ಟು ಕೊಡುತ್ತದೆ: ಹುಡುಗರಲ್ಲಿ ಬ್ರಾಹ್ಮಣರು 1,185, ಶೂದ್ರರೆಂದು ದಾಖಲಾದವರು 2,998, 'ಇತರ ಜಾತಿ'ಯವರು 1,174, ಮುಸ್ಲಿಮರು 243. ಜಗಲಿ ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ. ಪಾಠದ ಗುಣದ ಬಗ್ಗೆಯೂ ಕ್ಯಾಂಬೆಲ್‌ಗೆ ತಕರಾರಿತ್ತು. ಮಕ್ಕಳು ಪದ್ಯಗಳನ್ನು ಸರಾಗವಾಗಿ ಒಪ್ಪಿಸುತ್ತಾರೆ, ಆದರೆ ಅವುಗಳ ಭಾಷೆ ಆಡುಮಾತಿಗೆ ದೂರ. ಅರ್ಥ ಕೇಳಿದರೆ ಅನೇಕ ವೇಳೆ ಮೇಷ್ಟರಿಗೂ ಗೊತ್ತಿಲ್ಲ. ಒಬ್ಬರಿಂದೊಬ್ಬರು ಕಲಿಯುವಾಗ ಗಿಳಿಪಾಠವೂ ಹಾಗೆಯೇ ದಾಟಿಕೊಂಡು ಹೋಗುತ್ತದೆ.

ಶಾಲೆಗಳು ಕುಗ್ಗುತ್ತಿರುವುದಕ್ಕೆ ಕ್ಯಾಂಬೆಲ್ ಕೊಟ್ಟ ಕಾರಣ ನೇರವಾಗಿದೆ. ವಿಲಾಯತಿ ಬಟ್ಟೆ ಬಂದು ನೇಕಾರರ ಕಸುಬು ಮುರಿಯಿತು, ಜನ ಬಡವಾದರು, ಮಕ್ಕಳ ಕೈಗೆ ಶಕ್ತಿ ಬರುತ್ತಲೇ ದುಡಿಮೆಗೆ ಹಚ್ಚಬೇಕಾಯಿತು. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ಸಿಗುತ್ತಿದ್ದ ಆಶ್ರಯವೂ ನಿಂತಿತು. ಈ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ಕಂಪನಿಯ ಅಧಿಕಾರಿಯೇ ಬರೆದ.

1826ರ ಮಾರ್ಚ್‌ನಲ್ಲಿ ಮನ್ರೋ ಎಲ್ಲ ಜಿಲ್ಲೆಗಳ ಲೆಕ್ಕ ಕೂಡಿಸಿದ. 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಮನೆಯಲ್ಲೇ ಕಲಿಯುವವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಒಂದಿಷ್ಟಾದರೂ ಕಲಿಯುತ್ತಿದ್ದಾರೆ ಎಂಬುದು ಅವನ ಅಂದಾಜು. ಮದ್ರಾಸ್ ನಗರದಲ್ಲಿ ಮನೆಪಾಠದವರ ಸಂಖ್ಯೆಯೇ 26 ಸಾವಿರ ದಾಟಿತ್ತು. ಶಾಲೆಗೆ ಹೋಗುವವರ ನಾಲ್ಕು ಪಟ್ಟಿಗೂ ಹೆಚ್ಚು. ಆ ಅಂಕಿ ಸ್ವತಃ ಮನ್ರೋಗೇ ಹೆಚ್ಚೆನಿಸಿತು. ಏನೇ ಆದರೂ, ಕಲಿಕೆ ಎಂದರೆ ಶಾಲೆಯ ಹಾಜರಿ ಪುಸ್ತಕ ಮಾತ್ರವಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಜಗಲಿಯಿಂದ ಎದ್ದ ಹುಡುಗ ಮುಂದೆ ಎಲ್ಲಿಗೆ ಹೋಗುತ್ತಿದ್ದ? ಶಾನುಭೋಗರ ಮನೆಗೆ, ಅಂಗಡಿಗೆ, ಕಚೇರಿಗೆ. ಕಂಪನಿಯ ಕಚೇರಿಗಳಲ್ಲಿ ಉಮೇದುವಾರರ ದಂಡೇ ಇರುತ್ತಿತ್ತು. ಸಂಬಳವಿಲ್ಲದೆ ನಕಲು ಮಾಡುತ್ತ, ಹಿರಿಯ ಗುಮಾಸ್ತನ ಪಕ್ಕದಲ್ಲಿ ಕೂತು ಲೆಕ್ಕದ ಒಳಸುಳಿ ಕಲಿಯುತ್ತ, ಜಾಗ ಖಾಲಿಯಾಗುವುದನ್ನು ಕಾಯುವವರು ಅವರು. ಪುಕ್ಕಟೆ ದುಡಿಮೆ ಎಂಬುದೂ ನಿಜ, ಕೆಲಸ ಕಲಿತದ್ದು ಹಾಗೆಯೇ ಎಂಬುದೂ ನಿಜ. ಸಂಬಂಧಿಕರು ಒಳಗಿದ್ದವನಿಗೆ ಬಾಗಿಲು ಬೇಗ ತೆರೆಯುತ್ತಿತ್ತು. ಇಲ್ಲದವನಿಗೆ ಹೊಸ್ತಿಲೇ ಗತಿ. ಜೊತೆಯಲ್ಲಿ ಕಲಿಯುವ ಎಲ್ಲ ಕ್ರಮಗಳಿಗೂ ಈ ಪ್ರಶ್ನೆ ಅಂಟಿಕೊಂಡೇ ಇದೆ: ಜೊತೆಗೆ ಕೂರಲು ಯಾರನ್ನು ಬಿಡುತ್ತಾರೆ?

ಮತ್ತೆ ನೆಲದ ಮೇಲೆ

ಇಪ್ಪತ್ತನೆಯ ಶತಮಾನ ಈ ಹಳೆಯ ಅರಿವಿಗೆ ಹೊಸ ಹೆಸರುಗಳನ್ನು ಕೊಟ್ಟಿತು. 1934ರಲ್ಲಿ ತೀರಿಕೊಂಡ ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ, ಮಗು ಒಂಟಿಯಾಗಿ ಏನು ಮಾಡಬಲ್ಲದು ಮತ್ತು ತನಗಿಂತ ತುಸು ಮುಂದಿರುವವರ ನೆರವಿನಿಂದ ಏನು ಮಾಡಬಲ್ಲದು ಎಂಬುದರ ನಡುವಿನ ಅಂತರವೇ ಕಲಿಕೆಯ ಜಾಗ ಎಂದ. 1991ರಲ್ಲಿ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್, ದರ್ಜಿಗಳು, ಸೂಲಗಿತ್ತಿಯರು ಮುಂತಾದವರ ಉದಾಹರಣೆ ಹಿಡಿದು, ಹೊಸಬರು ಕಸುಬಿನ ಅಂಚಿನಲ್ಲಿ ಸಣ್ಣ ಸಣ್ಣ ಕೆಲಸ ಮಾಡುತ್ತ ನಿಧಾನವಾಗಿ ನಡುವಿಗೆ ಬರುವ ಬಗೆಯನ್ನು ವಿವರಿಸಿದರು. ಉಮೇದುವಾರನಿಗೂ ಹಿರೇಮಣಿಗೂ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಚೆನ್ನೈ ಮಾತ್ರ ತನ್ನದೇ ಪದ್ಧತಿಗೆ ಮರಳಲು ಎರಡು ಶತಮಾನ ತೆಗೆದುಕೊಂಡಿತು, ಅದೂ ಬಳಸುದಾರಿಯಲ್ಲಿ. ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯಲ್ಲಿ, ಒಬ್ಬರೇ ಶಿಕ್ಷಕರಿರುವ ಹಳ್ಳಿಶಾಲೆಗಳಿಗೆಂದು ಕಾರ್ಡುಗಳ ಆಧಾರದ ಬೋಧನಾಕ್ರಮವೊಂದನ್ನು ರೂಪಿಸಲಾಗಿತ್ತು. ಅದನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ ಕಲಿ ಆರಂಭಿಸಿದರು. 2003ರಲ್ಲಿ ಚೆನ್ನೈ ಪಾಲಿಕೆಯ ಆಯುಕ್ತ ಎಂ. ಪಿ. ವಿಜಯಕುಮಾರ್ ಅದೇ ಮೂಲದಿಂದ ಪಾಲಿಕೆಯ 13 ಶಾಲೆಗಳಲ್ಲಿ ಚಟುವಟಿಕೆ ಆಧಾರಿತ ಕಲಿಕೆಯನ್ನು ತಂದರು. ಅದು ಪಾಲಿಕೆಯ ಎಲ್ಲ ಪ್ರಾಥಮಿಕ ಶಾಲೆಗಳಿಗೂ, ಅಲ್ಲಿಂದ ತಮಿಳುನಾಡಿನಾದ್ಯಂತವೂ ಹರಡಿತು. ಬೆಂಚುಗಳು ಹೊರಗೆ ಹೋದವು. ಬೇರೆ ಬೇರೆ ವಯಸ್ಸಿನ ಮಕ್ಕಳು ಚಾಪೆಯ ಮೇಲೆ ದುಂಡಗೆ ಕುಳಿತರು. ಯಾರು ಎಷ್ಟು ಕಲಿತರೋ ಅಷ್ಟು ಮೆಟ್ಟಿಲು ಏರುವುದು. ನಲಿ ಕಲಿಯ ತರಗತಿಗಳಲ್ಲಂತೂ ಶಿಕ್ಷಕರ ನೆರವಿನ 'ತಟ್ಟೆ'ಯ ಪಕ್ಕದಲ್ಲೇ ಗೆಳೆಯರ ನೆರವಿನ 'ತಟ್ಟೆ'ಯಿದೆ. ಶಿಕ್ಷಕಿ ನೆಲದ ಮೇಲೆ ಕೂತು ಒಂದು ಗುಂಪಿಗೆ ಹೇಳಿಕೊಡುವಾಗ ಇನ್ನೊಂದು ಗುಂಪಿನಲ್ಲಿ ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯವನ ಬೆರಳು ಹಿಡಿದು 'ರ' ತಿದ್ದಿಸುತ್ತಿರುತ್ತಾಳೆ. ಬಳ್ಳಾರಿಯ 60 ಹುಡುಗಿಯರ ಲೆಕ್ಕವನ್ನು ನೆನೆದರೆ, ಬದಲಾದದ್ದು ಕಡಿಮೆಯೇನಲ್ಲ.

ಆದರೆ ಹಳೆಯ ಅಪಾಯವೂ ಬಾಗಿಲಲ್ಲೇ ನಿಂತಿದೆ. ಮಕ್ಕಳು ಮಕ್ಕಳಿಂದ ಕಲಿಯುತ್ತಾರೆ ಎಂಬ ಮಾತನ್ನು ಹಣಕಾಸು ಇಲಾಖೆ ಕೇಳಿಸಿಕೊಳ್ಳುವುದೇ ಬೇರೆ ಕಿವಿಯಿಂದ: ಹಾಗಾದರೆ ಶಿಕ್ಷಕರು ಇಷ್ಟೊಂದು ಯಾಕೆ? ಲಂಡನ್ನಿನ ಹಜಾರ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಬಳ್ಳಾರಿಯ ಜಗಲಿಯಲ್ಲಿ ಹಿರೇಮಣಿ ಕಲಿಸುತ್ತಿದ್ದುದು ಮೇಷ್ಟರ ಕೂಲಿ ಉಳಿಸಲಿಕ್ಕಲ್ಲ. ಕಲಿಸಿದರೆ ಅವನ ಕಲಿಕೆ ಗಟ್ಟಿಯಾಗುತ್ತದೆ ಎಂದು. ಮತ್ತು ಅವನ ಹಿಂದೆ, ಎಲ್ಲರನ್ನೂ ಕಾಣುವಷ್ಟು ಹತ್ತಿರದಲ್ಲಿ, ಒಬ್ಬ ಮೇಷ್ಟರು ಕುಳಿತೇ ಇರುತ್ತಿದ್ದರು.